ಅಲೆಯಿಲ್ಲದ ಜಾಗದಲ್ಲಿ ಸಮುದ್ರಕ್ಕಿಳಿಯುವುದು ಸುರಕ್ಷಿತವೇ?
ಬಾಲಿಯ ನುಸಾ ದುವಾ ಕಡಲತೀರ ಐಷಾರಾಮಿ ರೆಸಾರ್ಟ್‌ಗಳ ಸಾಲು. ನೀರು ಕೆರೆಯಂತೆ ಶಾಂತ. ಇದು ರೆಸಾರ್ಟ್‌ನವರ ಕೈಚಳಕವಲ್ಲ. ದಡದಾಚೆಯ ಹವಳದ ದಿಬ್ಬಗಳು ಅಲೆಗಳನ್ನು ದೂರದಲ್ಲೇ ಒಡೆಯುತ್ತವೆ. ಹಾಗೆಂದು ‘ಅಲೆ ಇಲ್ಲದ ಕಡೆ ಇಳಿಯಿರಿ’ ಎಂಬ ಸಲಹೆಯನ್ನು ನಾವು ಒಪ್ಪುವುದಿಲ್ಲ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅದೇ ದ್ವೀಪದ ಕುಟಾದಂಥ ತೆರೆದ ತೀರದಲ್ಲಿ, ನೊರೆಯುಕ್ಕುವ ಅಲೆಗಳ ನಡುವೆ ಕಾಣುವ ಶಾಂತ ಪಟ್ಟಿ ರಿಪ್ ಕರೆಂಟ್ ಆಗಿರಬಹುದು. ದಡಕ್ಕೆ ಬಂದ ನೀರು ಆ ದಾರಿಯಲ್ಲೇ ಕಡಲಿಗೆ ಮರಳುತ್ತದೆ. ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಅದು ನಿಮ್ಮನ್ನು ಕೆಳಗೆಳೆಯುವುದಿಲ್ಲ, ಆಳಕ್ಕೆ ಹೊತ್ತೊಯ್ಯುತ್ತದೆ. ಎದುರು ಈಜಿ ಸುಸ್ತಾದವರೇ ಮುಳುಗುವುದು. ಸಿಕ್ಕಿಕೊಂಡರೆ ತೇಲಿ, ಕೈ ಎತ್ತಿ ಕೂಗಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ನಮ್ಮ ಗೋಕರ್ಣ, ಮುರುಡೇಶ್ವರದಲ್ಲೂ ಇದನ್ನೇ ಮಾಡಬೇಕು.