ಥ್ರೀ ನಾಟ್ ಥ್ರೀಯಲ್ಲಿ ಜಿಂಕೆ ಹೊಡೆಯಬಹುದೆ?

ಮೈಸೂರಿನ ಕೆಸರೆ ಎರಡನೇ ಹಂತದಲ್ಲಿ ನಮ್ಮ ಪಕ್ಕದ ಬೀದಿಯಲ್ಲಿರುವ ನಿವೃತ್ತ ಸುಬೇದಾರರಿಗೆ ಅಮೆರಿಕದ ಮೊಮ್ಮಗನಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಅಲ್ಲಿನ ಅಂಗಡಿಯೊಂದರಲ್ಲಿ ಅವನು ಕೊಂಡ ಹಳೆಯ ಸೈನ್ಯದ ರೈಫಲ್. ಬೋಲ್ಟಿನ ಕೆಳಗಿನ ಲೋಹದ ಪಟ್ಟಿಯ ಮೇಲೆ ‘ಆರ್.ಎಫ್.ಐ.’ ಎಂಬ ಮುದ್ರೆ. ಸುಬೇದಾರರು ಕನ್ನಡಕ ಏರಿಸಿ ನೋಡಿದವರೇ, ‘ಅಯ್ಯೋ, ಇದು ನಮ್ಮ ಇಶಾಪುರದ್ದು ಕಣ್ರೀ! ಮ್ಯಾಗಜೀನ್ ಓರೆಯಾಗಿದೆ ನೋಡಿ, ಥ್ರೀ ನಾಟ್ ಥ್ರೀನೇ’ ಎಂದರು. ಫೋಟೊದ ಕೆಳಗೆ ಮೊಮ್ಮಗನ ಪ್ರಶ್ನೆ: ‘ತಾತ, ಇದರಲ್ಲಿ ಜಿಂಕೆ ಹೊಡೀಬಹುದಾ?’

ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಬಂದೂಕು ಅಮೆರಿಕದ ಅಂಗಡಿ ಸೇರಿದ್ದು ಹೇಗೆ ಎಂದು ಅಚ್ಚರಿಪಡಬೇಕಿಲ್ಲ. 1960ರ ದಶಕದಲ್ಲಿ ನಮ್ಮ ಸೇನೆಗೆ ಎಸ್.ಎಲ್.ಆರ್. (ಸೆಲ್ಫ್ ಲೋಡಿಂಗ್ ರೈಫಲ್) ಬಂದ ಮೇಲೆ, ಥ್ರೀ ನಾಟ್ ಥ್ರೀ (.303) ಎಂದು ಹೆಸರಾದ ಲೀ-ಎನ್‌ಫೀಲ್ಡ್‌ಗಳು ಹಂತಹಂತವಾಗಿ ಪೊಲೀಸರಿಗೆ, ಎನ್.ಸಿ.ಸಿ.ಗೆ ಇಳಿದವು. ಮತ್ತಷ್ಟು ಸರಕು ಹೊರದೇಶದ ವ್ಯಾಪಾರಿಗಳ ಪಾಲಾಯಿತು. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ಫೈರಿಂಗ್ ರೇಂಜಿನಲ್ಲಿ ಬೋರಲು ಮಲಗಿ ಗುಂಡು ಹಾರಿಸಿದವರಿಗೆ ಈ ರೈಫಲಿನ ಒದೆತ ಇವತ್ತಿಗೂ ನೆನಪಿರುತ್ತದೆ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ಅಧಿಕೃತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕೆನಡಾದ ಉತ್ತರದ ಹಿಮಪ್ರದೇಶ ಕಾಯುವ ರೇಂಜರ್‌ಗಳ ಕೈಯಲ್ಲಂತೂ ಇದು 2018ರ ಸುಮಾರಿನವರೆಗೂ ಇತ್ತು. ಮರಗಟ್ಟುವ ಚಳಿಯಲ್ಲೂ ಬೋಲ್ಟು ಕೈಕೊಡುವುದಿಲ್ಲ ಎಂಬುದೇ ಅಲ್ಲಿ ಅದರ ದೊಡ್ಡ ಹೆಗ್ಗಳಿಕೆ.

ಹಾಗಾದರೆ ಜಿಂಕೆಗೆ ಸಾಲದೆ? ಬಲದ ಮಾತಾದರೆ ಧಾರಾಳ ಸಾಕು. 1910ರಿಂದ ಬಳಕೆಗೆ ಬಂದ ಮಾರ್ಕ್ ಏಳು ತೋಟಾದ ಗುಂಡು 174 ಗ್ರೇನ್, ಅಂದರೆ ಸುಮಾರು 11 ಗ್ರಾಂ ತೂಗುತ್ತದೆ; ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ 740 ಮೀಟರಿನಷ್ಟು. ನಮ್ಮ ಜಿಂಕೆಗಾಗಲಿ ಅಮೆರಿಕದ ಬಿಳಿಬಾಲದ ಜಿಂಕೆಗಾಗಲಿ ಅದು ಹೆಚ್ಚೇ ಹೊರತು ಕಡಿಮೆಯಲ್ಲ. ತೊಡಕಿರುವುದು ಬಲದಲ್ಲಲ್ಲ, ಗುಂಡಿನ ಜಾತಿಯಲ್ಲಿ.

ಸೈನ್ಯದ ಗುಂಡಿಗೆ ಮೂತಿಯವರೆಗೂ ಗಟ್ಟಿ ಲೋಹದ ಕವಚ. ಮೈಯೊಳಗೆ ಹೊಕ್ಕರೂ ಅದು ಅರಳುವುದಿಲ್ಲ. ಎಷ್ಟೋ ಸಲ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಯುದ್ಧದಲ್ಲಿ ಅಷ್ಟಾದರೂ ನಡೆಯುತ್ತದೆ: ಗಾಯಗೊಂಡ ಸಿಪಾಯಿ ಬಂದೂಕು ಕೆಳಗಿಟ್ಟರೆ ಎದುರಾಳಿಯ ಕೆಲಸ ಮುಗಿಯಿತು. ಬೇಟೆಯಲ್ಲಿ ಗಾಯಗೊಂಡ ಪ್ರಾಣಿ ಎಂದರೆ ಬೇಟೆಗಾರನ ಮಾನ ಹೋದಂತೆ. ಅದು ಪೊದೆ ನುಗ್ಗಿ ಮೈಲಿಗಟ್ಟಲೆ ಓಡಿ, ಯಾರಿಗೂ ಸಿಗದೆ ಎರಡು ದಿನ ನರಳಿ ಸಾಯುತ್ತದೆ. ಅದಕ್ಕೇ ಬೇಟೆಯ ತೋಟಾದಲ್ಲಿ ಗುಂಡಿನ ಮೂತಿಯ ಸೀಸವನ್ನು ಬರಿದೇ ಬಿಟ್ಟಿರುತ್ತಾರೆ. ಒಳಹೊಕ್ಕೊಡನೆ ಅದು ಅಗಲವಾಗಿ ಅರಳಿ ಪ್ರಾಣಿಯನ್ನು ಅಲ್ಲೇ ಕೆಡವುತ್ತದೆ.

ಇಂಥ ಗುಂಡಿಗೆ ಕುಖ್ಯಾತಿ ಬಂದದ್ದೂ ನಮ್ಮ ದೇಶದಿಂದಲೇ. ಕೊಲ್ಕತ್ತದ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಅರಳುವ .303 ಗುಂಡು ತಯಾರಿಸಿ ವಾಯವ್ಯ ಗಡಿಯ ಪಠಾಣರ ಮೇಲೆ ಹಾರಿಸಿದರು. ಜಗತ್ತು ಹೇಸಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡು ಕೂಡದು ಎಂದಿತು. ಇತ್ತ ಬ್ರಿಟನ್ನಿನಲ್ಲೂ ಅಮೆರಿಕದ ಹಲವು ರಾಜ್ಯಗಳಲ್ಲೂ ಜಿಂಕೆಗೆ ಅರಳುವ ಗುಂಡನ್ನೇ ಹೊಡೆಯಬೇಕೆಂದು ಕಾನೂನಿದೆ. ಮನುಷ್ಯನಿಗೆ ಕ್ರೌರ್ಯವೆನಿಸಿದ್ದು ಜಿಂಕೆಗೆ ಕರುಣೆಯಾಯಿತು! ಸುಬೇದಾರರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಮೊಮ್ಮಗ ಪೆಟ್ಟಿಗೆಗಟ್ಟಲೆ ಅಗ್ಗಕ್ಕೆ ಸಿಗುವ ಹಳೆಯ ಮಿಲಿಟರಿ ತೋಟಾ ಕೊಂಡಾನು ಎಂಬುದೇ ಅವರ ಚಿಂತೆ.

ಚಿಂತೆ ಸರಿಯಾದದ್ದೇ. ಆ ಹಳೆಯ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದ ಮೇಲೆ ನಳಿಗೆಯೊಳಗೆ ಉಪ್ಪು ಉಳಿಸುತ್ತದೆ. ಉಪ್ಪು ತೇವ ಎಳೆದು ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಹಿಂದಿನ ಸಿಪಾಯಿಗಳು ನಳಿಗೆಗೆ ಕುದಿಯುವ ನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ ಸವರುತ್ತಿದ್ದುದು ಇದಕ್ಕೇ. ಇನ್ನು ಗುರಿಪಟ್ಟಿ. ಈ ರೈಫಲಿನ ಹಿಂಗುರಿಯ ಅತಿ ಕಡಿಮೆ ಅಳತೆಯೇ 200 ಗಜ, ಮೇಲಿನದು 2000. ಕಾಡಂಚಿನಲ್ಲಿ 60-70 ಗಜದಲ್ಲಿ ನಿಂತ ಪ್ರಾಣಿಗೆ ಅದೇ ಗುರಿಯಲ್ಲಿ ಹೊಡೆದರೆ ಗುಂಡು ಕೆಲವು ಅಂಗುಲ ಮೇಲೇರುತ್ತದೆ. ಎಷ್ಟು ಮೇಲೆ ಎಂಬುದನ್ನು ಮೊದಲು ಕಾಗದದ ಗುರಿಯ ಮೇಲೆ ಹೊಡೆದು ತಿಳಿದುಕೊಳ್ಳಬೇಕು. ಜೊತೆಗೆ ನಾಲ್ಕು ಕಿಲೊ ಭಾರ. ಮುಂಭಾಗದ ಮರಕ್ಕೆ ತಂತಿ ಸುತ್ತಿದ್ದರೆ ಅದು ಗ್ರೆನೇಡ್ ಎಸೆಯಲು ದುಡಿದ ರೈಫಲು. ಅದನ್ನು ಗೋಡೆಗೆ ತೂಗುಹಾಕುವುದೇ ಲೇಸು. ಉಳಿದದ್ದನ್ನು ಬಂದೂಕು ರಿಪೇರಿಯವರಿಗೆ ತೋರಿಸಿ, ಬೋಲ್ಟಿಗೂ ತೋಟಾಕ್ಕೂ ನಡುವಿನ ಸಂದು ಸವೆದು ಅಗಲವಾಗಿಲ್ಲವೆಂದು ಖಚಿತ ಮಾಡಿಕೊಂಡು, ಬೇಟೆಯ ತೋಟಾ ಹಾಕಿ, 100 ಗಜದೊಳಗೆ ಹೊಡೆಯುವುದಾದರೆ ಆದೀತು. ಆ ಹುಡುಗನಿಗೆ ಹೋದ ಉತ್ತರ ಇಷ್ಟೇ.

ಇದೇ ರೈಫಲನ್ನು ಇಶಾಪುರದಿಂದ ಅಮೆರಿಕಕ್ಕೆ ಮಾರಬಹುದಾಗಿತ್ತು, ಇಶಾಪುರದಿಂದ ಕೆಸರೆಗಲ್ಲ. ನಮ್ಮ ಶಸ್ತ್ರಾಸ್ತ್ರ ಕಾನೂನಿನಲ್ಲಿ .303 ‘ನಿಷೇಧಿತ ಬೋರ್’. ಇದರ ಬೇರು ಬ್ರಿಟಿಷರ ಭಯದಲ್ಲಿದೆ. ಸೇನೆಯ ತೋಟಾ ಹೊಂದುವ ಬಂದೂಕು ನೇಟಿವರ ಕೈಸೇರಿದರೆ ಕದ್ದ ತೋಟಾದಿಂದಲೇ ದಂಗೆ ಎದ್ದಾರು ಎಂದು 20ನೇ ಶತಮಾನದ ಮೊದಲ ದಶಕದಲ್ಲೇ .450 ಬೋರನ್ನು ಭಾರತಕ್ಕೆ ತರಕೂಡದೆಂದರು. ಆನೆ-ಕಾಟಿ ಬೇಟೆಯ ದೊರೆಗಳು ಅದಕ್ಕೆ ಬದಲಾಗಿ .470ರಂಥ ಹೊಸ ಅಳತೆಗಳನ್ನು ಮಾಡಿಸಿಕೊಂಡರು. ಸಾಮಾನ್ಯ ಶಿಕಾರಿಗೆ ಸಿಕ್ಕಿದ್ದು .315. ಅದರ ಚರಿತ್ರೆ ಇನ್ನೂ ತಮಾಷೆ: ಮೈಕಟ್ಟು ಲೀ-ಎನ್‌ಫೀಲ್ಡಿನದು, ತೋಟಾ ಮಾತ್ರ ಆಸ್ಟ್ರಿಯಾ ಸೈನ್ಯದ ಹಳೆಯ ಮಾನ್‌ಲಿಕರ್! ಬ್ರಿಟಿಷ್ ದಾಸ್ತಾನಿನಿಂದ ಕದ್ದ ತೋಟಾ ಅದರಲ್ಲಿ ಕೂರುವುದಿಲ್ಲ ಎಂಬುದೇ ಅದರ ಅರ್ಹತೆ. ಸ್ವಾತಂತ್ರ್ಯ ಬಂದಮೇಲೂ ಇಶಾಪುರ ಅದನ್ನೇ ತಯಾರಿಸುತ್ತ ಬಂತು. ದೊರೆಗಳು ಹೋದರು, ಭಯ ಮಾತ್ರ ಇಲ್ಲೇ ಉಳಿಯಿತು. ತಪ್ಪೆಂದು ನಾನು ಹೇಳಲಾರೆ. ಕಾಡಂಚಿನ ಪ್ರತಿ ಊರಿನಲ್ಲೂ ಸೇನೆಯ ರೈಫಲ್ ಇದ್ದಿದ್ದರೆ ಕಾಡಿನಲ್ಲಿ ಏನು ಉಳಿಯುತ್ತಿತ್ತೋ.

ಮೈಸೂರಿಗೆ ಶಿಕಾರಿ ಹೊಸದಲ್ಲ. ಸಂಸ್ಥಾನದ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ 1901ರಷ್ಟು ಹಳೆಯದು. ವೈಸರಾಯರೂ ರಾಜರೂ ಹೊಡೆದ ಹುಲಿಗಳಿಗೆ ಚರ್ಮ ತುಂಬಿ ಜೀವಕಳೆ ಕೊಡುತ್ತಿದ್ದ ವ್ಯಾನ್ ಇಂಗನ್ ಸಂಸ್ಥೆ ಇದ್ದದ್ದು ಇದೇ ಊರಿನಲ್ಲಿ. ರೈತನ ಕೈಯಲ್ಲಿದ್ದದ್ದು ಮಾತ್ರ ಮದ್ದು ಜಡಿದು ತುಂಬುವ ಕೇಪಿನ ಕೋವಿ. 1972ರ ವನ್ಯಜೀವಿ ಕಾಯ್ದೆ ಆರಂಭದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಕಿಂಡಿಯೊಂದನ್ನು ಬಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಜಿಂಕೆಯಾಗಲಿ ಕಡವೆಯಾಗಲಿ, ಇವತ್ತು ಯಾವ ಬಂದೂಕಿನಿಂದ ಹೊಡೆದರೂ ಅಪರಾಧವೇ.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ’ ಎಂದು ಕೇಳುವವರು ಮೈಸೂರಿನಲ್ಲಿ ಬಹಳ. ನಿಜ, 1861ರಿಂದ ಬಂದ ವಿನಾಯಿತಿ ಅದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಮುಹೂರ್ತದಂದು ಆ ಕೋವಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಜಿಂಕೆಯ ಜೀವ ತೆಗೆಯುವ ಕಳ್ಳಬೇಟೆಯಲ್ಲೂ ರೈಫಲಿನ ಮಾತು ಅಪರೂಪ. ಅಲ್ಲಿ ಕೇಳಿಬರುವುದು ತಂತಿ ಉರುಳು, ನಾಡಬಂದೂಕು, ಸಿಡಿಮದ್ದು.

ಸೈನಿಕರ ಮನೆಗಳು ಹೆಚ್ಚಿರುವ ಊರು ನಮ್ಮದು. ಅಜ್ಜನ ಕಾಲದ ಟ್ರಂಕಿನಲ್ಲಿ, ಅಟ್ಟದ ಮೇಲೆ, ಇಂಥದೊಂದು ಸಿಕ್ಕರೆ ಅದನ್ನು ಒರೆಸಿ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ, ಬೋಲ್ಟು ಎಳೆದೂ ನೋಡಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ, ಇಟ್ಟುಕೊಳ್ಳುವ ಹಕ್ಕು ಇಲ್ಲವಾದ ಆಯುಧವನ್ನು ತಡಮಾಡದೆ ಠಾಣೆಗೆ ಒಪ್ಪಿಸಬೇಕು. ಟ್ರಂಕಿನ ತಳದಲ್ಲಿ ತೋಟಾಗಳಿದ್ದರೆ ಅವನ್ನೂ.