ಕಾರ್ಖಾನೆ ಮುಚ್ಚಿದರೂ ಓಡುವ ಜಾವಾ

ಜುಲೈ ತಿಂಗಳ ಎರಡನೇ ಭಾನುವಾರ ಮೈಸೂರು, ಬೆಂಗಳೂರುಗಳ ರಸ್ತೆಯಲ್ಲಿ ಒಮ್ಮೆಗೇ ನೀಲಿ ಹೊಗೆ ಎದ್ದರೆ ಗಾಬರಿಯಾಗಬೇಕಿಲ್ಲ. ಅದು ಅಂತರರಾಷ್ಟ್ರೀಯ ಜಾವಾ ದಿನ. ಹಳೆಯ ಜಾವಾ, ಯೆಜ್ಡಿ ಬೈಕುಗಳ ಅಭಿಮಾನಿಗಳು ಗಾಡಿ ಹತ್ತಿ ಒಟ್ಟಾಗಿ ಹೊರಡುತ್ತಾರೆ.

ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದಲ್ಲಿ. ಸ್ಥಾಪಕ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಕಂಪೆನಿಯ ಹೆಸರುಗಳ ಮೊದಲಕ್ಷರಗಳು ಸೇರಿ ‘ಜಾವಾ’ ಆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇದರ ತಯಾರಿಕೆ ಆರಂಭಿಸಿತು. 1973ರಿಂದ ಬೈಕಿನ ಹೆಸರು ಯೆಜ್ಡಿ. ಎಂಬತ್ತರ ದಶಕದಲ್ಲಿ ಪೆಟ್ರೋಲ್ ಉಳಿಸುವ 100 ಸಿ.ಸಿ. ಬೈಕುಗಳು ಬಂದವು, 250 ಸಿ.ಸಿ.ಯ ಯೆಜ್ಡಿಗೆ ಆ ಪೈಪೋಟಿ ತಡೆಯಲಾಗಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಬಿಡಿಭಾಗಗಳ ಪರದಾಟ ಅಲ್ಲಿಂದ ಶುರು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದರೂ ಅದರದು ಫೋರ್ ಸ್ಟ್ರೋಕ್ ಎಂಜಿನ್. ಹಳೆಯ ಟೂ ಸ್ಟ್ರೋಕ್ ಗಾಡಿಗೆ ಅದರ ಭಾಗಗಳು ಉಪಯೋಗಕ್ಕಿಲ್ಲ.

ಮೂಲೆಯಲ್ಲಿ ತುಕ್ಕು ಹಿಡಿದ ಬೈಕನ್ನು ಎಬ್ಬಿಸುವುದೆಂದರೆ ಬಣ್ಣ ಬಳಿಯುವುದಲ್ಲ. ಬಹುಮಂದಿ ಎಡವುವುದು ಇಲ್ಲೇ. ಹಳೆಯ ಎಂಜಿನ್ನಿನಲ್ಲಿ ಗಾಳಿ–ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕು ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲ್ ಒಣಗಿ ಬಿರುಕುಬಿಟ್ಟಿದ್ದರೆ ಗಾಳಿ ಸೋರುತ್ತದೆ. ಎಷ್ಟು ಒದ್ದರೂ ಗಾಡಿ ಏಳದು. ರಬ್ಬರಿನ ಆ ಪುಟ್ಟ ಬಳೆಗಾಗಿ ಎಂಜಿನ್ನಿನ ಬದಿಗಳನ್ನು ಬಿಚ್ಚಬೇಕು. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಲೆಕ್ಕವೂ ಅಷ್ಟೇ ಮುಖ್ಯ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ.

ಇಂಥ ತಿಳಿವಳಿಕೆ ಹೆಚ್ಚಾಗಿ ಇರುವುದು ವಯಸ್ಸಾದ ಮೆಕ್ಯಾನಿಕ್‌ಗಳ ಕೈಯಲ್ಲಿ. ಸದ್ದು ಕೇಳಿಯೇ ರೋಗ ಹೇಳುವ ಅವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅಭಿಮಾನಿಗಳ ಕೂಟ ಬರೀ ಶೋಕಿಯಾಗದಿರುವುದು ಇದೇ ಕಾರಣಕ್ಕೆ. ಒಬ್ಬರ ಬಳಿ ಎರಡು ಕಾರ್ಬುರೇಟರ್ ಇರುತ್ತವೆ, ಇನ್ನೊಬ್ಬರಿಗೆ ಒಂದೂ ಇಲ್ಲ. ಗುಜರಿಯಲ್ಲಿ ಸಿಕ್ಕ ಮಡ್‌ಗಾರ್ಡ್ ಕೈ ಬದಲಾಗುತ್ತದೆ, ಅದರ ಜೊತೆ ಒಳ್ಳೆಯ ಲೇತ್ ಕೆಲಸದವನ ವಿಳಾಸವೂ. ಕನ್ನಡಿಯಂತೆ ಹೊಳೆಯುವ ಗಾಡಿಗಿಂತ ಗೀರುಗಳನ್ನು ಉಳಿಸಿಕೊಂಡು ಓಡುವ ಗಾಡಿಗೇ ಅಲ್ಲಿ ಹೆಚ್ಚು ಮರ್ಯಾದೆ ಸಿಗಬೇಕು, ಯಾವಾಗಲೂ ಹಾಗಾಗುವುದಿಲ್ಲ.

ಹೊಸಬರಿಗೆ ಮೊದಲ ಪಾಠ ಎಡಗಡೆಯ ಸನ್ನೆಯದು. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಅದೊಂದೇ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಶುರುವಾದ ಮೇಲೆ ಮುಂದಕ್ಕೆ ತಂದರೆ ಗೇರ್. ಗೇರ್ ಬದಲಿಸುವಾಗ ಕ್ಲಚ್ ತಾನಾಗಿಯೇ ಬಿಡುತ್ತದೆ. ಕೈ ಮಾತ್ರ ಅಭ್ಯಾಸಬಲದಿಂದ ಕ್ಲಚ್ ಹಿಡಿಯುತ್ತಲೇ ಇರುತ್ತದೆ.