ಹುಲ್ಲು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್ ಟೈರು ಮತ್ತು ಹಸುವಿನ ಹೊಟ್ಟೆ



ಕುಡುಗೋಲು ಹಿಡಿದು ಸೊಂಟ ನೋಯಿಸಿಕೊಂಡ ಅಕ್ಕಂದಿರು ಈಗ ಯಾವ ಯಂತ್ರ ಕೊಳ್ಳಬೇಕೆಂದು ಕೇಳುತ್ತಾರೆ. ಶಿವಮೊಗ್ಗದ ಪಾರ್ಕುಗಳಲ್ಲಿ ತಳ್ಳಿಕೊಂಡು ಹೋಗುವ ಚಕ್ರದ ಯಂತ್ರ ಸಮತಟ್ಟಾದ ಗಿಡ್ಡ ಹುಲ್ಲಿಗೆ ಮಾತ್ರ. ಭದ್ರಾ ನಾಲೆಯ ಗದ್ದೆ ಬದುವಿಗೆ, ಅಡಿಕೆ ತೋಟದ ಉಬ್ಬುತಗ್ಗಿಗೆ ಬ್ರಷ್ ಕಟರ್ ಬೇಕು. ಅಂಗಡಿಯಲ್ಲೇ ಪೆಟ್ರೋಲ್ ತುಂಬಿಸಿ, ಹೆಗಲಿಗೆ ಹಾಕಿಕೊಂಡು ನೋಡಿ. ಮನೆಯವರಿಗೆ ಹಗುರವೆನಿಸಿದ್ದು ನಿಮಗೆ ಭಾರವಾಗಬಹುದು.

ನೈಲಾನ್ ದಾರ ಕಳೆಗೆ ಸರಿ, ಮೇವಿಗೆ ಬೇಡ. ದಾರ ತುಂಡಾಗಿ ಹುಲ್ಲಿನಲ್ಲಿ ಸೇರುತ್ತದೆ, ಹಸುವಿನ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ನೇಪಿಯರ್‌ನಂತಹ ದಪ್ಪ ಕಾಂಡಕ್ಕೆ ಹಲ್ಲಿರುವ ದುಂಡು ಬ್ಲೇಡ್ ಹಾಕಿ, ನೆಲದಿಂದ 10–15 ಸೆಂ.ಮೀ. ಬಿಟ್ಟು ಕತ್ತರಿಸಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ. ಸೀರೆ ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ.

ಟೈರಿನ ವಿಷಯ ಚಿಕ್ಕದು. ಎತ್ತರದ ಗುಬ್ಬಿಯ ಟೈರು ಕೆಸರು ಗದ್ದೆಯಲ್ಲಿ ಹಿಡಿತ ಕೊಡುತ್ತದೆ, ಆದರೆ ಒದ್ದೆ ನೆಲದಲ್ಲಿ ನೇಪಿಯರ್ ಬುಡವನ್ನು ಕಿತ್ತುಹಾಕುತ್ತದೆ. ಮೇವಿನ ತಾಕಿಗೆ ನೆಲ ಒಣಗಿದ ಮೇಲೆ ಟ್ರ್ಯಾಕ್ಟರ್ ಇಳಿಸಿ.

ನನಗೆ ಹೆಚ್ಚು ಚಿಂತೆ ಸವೆದ ಟೈರಿನದು. ರಸಮೇವಿನ ಗುಂಡಿಯ ಪ್ಲಾಸ್ಟಿಕ್ ಮೇಲೆ ಭಾರಕ್ಕೆ ಹಳೆಯ ಟೈರು ಇಡುತ್ತಾರೆ. ರಬ್ಬರ್ ಹರಿದಾಗ ಒಳಗಿನ ಸಣ್ಣ ತಂತಿಗಳು ಉದುರಿ ಮೇವಿಗೆ ಬೀಳುತ್ತವೆ. ಟೈರು ಸುಟ್ಟ ಜಾಗದಲ್ಲೂ ತಂತಿ ಉಳಿಯುತ್ತದೆ. ಕುಡುಗೋಲು ಹಿಡಿದ ಕೈಗೆ ತಂತಿ ತಗುಲಿ ಗೊತ್ತಾಗುತ್ತದೆ, ಯಂತ್ರ ಅದನ್ನೂ ಕತ್ತರಿಸಿ ಹುಲ್ಲಿಗೆ ಬೆರೆಸುತ್ತದೆ. ಹಸು ಅಗಿಯದೆ ನುಂಗುವ ಪ್ರಾಣಿ. ತಂತಿ ಜೇನುಗೂಡಿನಂತಹ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಹೃದಯ ಅದರ ಮುಂದೆಯೇ ಇದೆ, ನಡುವೆ ತೆಳು ಪೊರೆ ಅಷ್ಟೇ. ತುಂಬು ಗಬ್ಬದಲ್ಲಿ ಕರುವಿನ ಒತ್ತಡಕ್ಕೆ ತಂತಿ ಮುಂದಕ್ಕೆ ಚುಚ್ಚಿಕೊಳ್ಳಬಹುದು.

ಆದ್ದರಿಂದ ಗುಂಡಿಯ ಮೇಲೆ ಟೈರಿನ ಬದಲು ಮರಳಿನ ಚೀಲ ಇಡಿ. ಯಂತ್ರ ಓಡಿಸುವ ಮೊದಲು ತಾಕಿನಲ್ಲಿ ಒಂದು ಸುತ್ತು ನಡೆದು ತಂತಿ, ಮೊಳೆ ಹೆಕ್ಕಿ.

ಹಾಲು ಒಮ್ಮೆಲೇ ಇಳಿದರೆ, ಮೆಲುಕು ನಿಂತರೆ, ಹಸು ಬೆನ್ನು ಬಾಗಿಸಿ ಮೊಣಕೈ ಅಗಲಿಸಿ ನಿಂತರೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿದರೆ ಅಜೀರ್ಣವೆಂದು ಗೊಟ್ಟದಲ್ಲಿ ಎಣ್ಣೆ ಕುಡಿಸುತ್ತಾ ಕಾಯಬೇಡಿ. ಬೇಗ ಬಂದರೆ ಆಯಸ್ಕಾಂತ ನುಂಗಿಸಿಯೋ ಶಸ್ತ್ರಚಿಕಿತ್ಸೆಯಿಂದಲೋ ಉಳಿಸಲು ಅವಕಾಶವಿದೆ. ಎದೆಯ ಕೆಳಗೆ ಬಾವು ಇಳಿದ ಮೇಲೆ ಉಳಿಯುವ ಹಸು ಅಪರೂಪ. ಅಂದೇ ಸಂಘದ ಕಾರ್ಯದರ್ಶಿಗೆ ಹೇಳಿ, ಪಶುವೈದ್ಯರನ್ನು ಕರೆಸಿ.